ಕಮ್ಯುನಿಟಿ ಕಾಲೇಜಿನಿಂದ ಕೃಷಿ ಶಿಕ್ಷಣ ಪದವಿಗೆ: ಕ್ಯಾಲಿಫೋರ್ನಿಯಾದಲ್ಲಿ ಟ್ರಾನ್ಸ್‌ಫರ್ ಆಗುವವರಿಗೆ ಹಂತ ಹಂತದ ಮಾರ್ಗದರ್ಶಿ

ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ 60 ಯೂನಿಟ್ (ಪಾಠದ ಕ್ರೆಡಿಟ್) ಮುಗಿದಿದೆ, ಜಿಪಿಎ (ಸರಾಸರಿ ಗ್ರೇಡ್) ಚೆನ್ನಾಗಿದೆ, ಯೂನಿವರ್ಸಿಟಿಯಲ್ಲಿ ಸೀಟೂ ಸಿಕ್ಕಿದೆ. ಆದರೂ ಎರಡು ವರ್ಷದಲ್ಲಿ ಮುಗಿಯಬೇಕಾದ ಪದವಿ ಮೂರು, ಮೂರೂವರೆ ವರ್ಷಕ್ಕೆ ಎಳೆಯುತ್ತದೆ. ಪದವಿ ಕೈಗೆ ಬಂದ ಮೇಲೂ ಹೈಸ್ಕೂಲಿನಲ್ಲಿ ಕೃಷಿ ಪಾಠ ಮಾಡುವ ಪರವಾನಗಿ ಸಿಗದೆ ಇನ್ನೊಂದು ವರ್ಷ ಹೋಗುತ್ತದೆ. ಕೃಷಿ ಶಿಕ್ಷಣಕ್ಕೆ ಟ್ರಾನ್ಸ್‌ಫರ್ ಆಗುವವರು ಎಡವುವುದು ಹೆಚ್ಚಾಗಿ ಹೀಗೆಯೇ.

ಇಲ್ಲಿ ಒಟ್ಟಿಗೆ ಮೂರು ಲೆಕ್ಕ ನಡೆಯುತ್ತಿರುತ್ತವೆ. ಮೊದಲನೆಯದು ಪ್ರವೇಶದ ಲೆಕ್ಕ: ಎಷ್ಟು ಯೂನಿಟ್, ಎಷ್ಟು ಜಿಪಿಎ. ಎರಡನೆಯದು ಪದವಿಯ ಲೆಕ್ಕ: ಆ 60 ಯೂನಿಟ್‌ಗಳಲ್ಲಿ ನಿಮ್ಮ ಮೇಜರ್‌ಗೆ (ಪದವಿಯ ಮುಖ್ಯ ವಿಷಯಕ್ಕೆ) ಸಲ್ಲುವುದು ಎಷ್ಟು. ಮೂರನೆಯದು ಬೋಧನಾ ಕ್ರೆಡೆನ್ಷಿಯಲ್‌ನ (ಪಾಠ ಮಾಡುವ ಪರವಾನಗಿಯ) ಲೆಕ್ಕ: ಹೊಲ, ಹಟ್ಟಿ, ನರ್ಸರಿಗಳಲ್ಲಿ ಕೈಯಾರೆ ಮಾಡಿದ ಕೆಲಸದ ಗಂಟೆಗಳು. ಕಮ್ಯುನಿಟಿ ಕಾಲೇಜಿನ ಕೌನ್ಸೆಲರ್ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ನೋಡಿ ‘ಎಲ್ಲ ಸರಿಯಿದೆ’ ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿಯೇ. ಉಳಿದೆರಡು ಲೆಕ್ಕ ನೀವೇ ಇಡಬೇಕು.

ಒಂದು ಗುಂಪಿನವರಿಗೆ ಈ ದಾರಿ ಬೇಕಿಲ್ಲ. ಬೆಂಗಳೂರು, ಧಾರವಾಡ, ರಾಯಚೂರು ಅಥವಾ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬಿಎಸ್ಸಿ ಕೃಷಿ ಮುಗಿಸಿ ಅಮೆರಿಕಕ್ಕೆ ಬಂದವರು ಮತ್ತೆ ಪದವಿಯಿಂದ ಶುರುಮಾಡಬೇಕಿಲ್ಲ. ರಾಜ್ಯದ ಟೀಚರ್ ಕ್ರೆಡೆನ್ಷಿಯಲಿಂಗ್ ಆಯೋಗ ಒಪ್ಪಿದ ಸಂಸ್ಥೆಯಿಂದ ಅಂಕಪಟ್ಟಿಯ ಮೌಲ್ಯಮಾಪನ ಮಾಡಿಸಿಕೊಂಡು, ನೇರವಾಗಿ ಕ್ರೆಡೆನ್ಷಿಯಲ್ ಕೋರ್ಸ್ ನಡೆಸುವ ಯೂನಿವರ್ಸಿಟಿಯನ್ನು ವಿಚಾರಿಸಿ. ಅಂಥವರಿಗೆ ಇಲ್ಲಿ ಹಂತ 5 ಮತ್ತು ಹಂತ 9 ಸಾಕು.

## ಮೊದಲು ಕೈಯಲ್ಲಿರಬೇಕಾದ್ದು

ಹೈಸ್ಕೂಲಿನಿಂದ ಇವತ್ತಿನವರೆಗೆ ಓದಿದ ಪ್ರತಿಯೊಂದು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಬೇಕು. ಹೈಸ್ಕೂಲಿನಲ್ಲಿರುವಾಗ ಡ್ಯುಯಲ್ ಎನ್ರೋಲ್‌ಮೆಂಟ್‌ನಲ್ಲಿ ತೆಗೆದುಕೊಂಡ ಒಂದೇ ಒಂದು ಕೋರ್ಸೂ ಇದರಲ್ಲಿ ಸೇರುತ್ತದೆ. ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಒಂದು ವರ್ಷ ಡಿಗ್ರಿ ಓದಿ ಬಿಟ್ಟು ಬಂದಿದ್ದರೆ ಅದನ್ನೂ ತೋರಿಸಲೇಬೇಕು. ‘ಅದರಲ್ಲಿ ಫೇಲಾಗಿದ್ದೆ, ಯಾಕೆ ಹೇಳಲಿ’ ಎಂದು ಬಿಟ್ಟರೆ, ಬಯಲಾದ ದಿನ ಪ್ರವೇಶವೇ ರದ್ದಾಗಬಹುದು.

ಅದರ ಜೊತೆಗೆ ಒಂದು ಸ್ಪ್ರೆಡ್‌ಶೀಟ್, ಒಂದು ಗಟ್ಟಿ ರಟ್ಟಿನ ನೋಟ್‌ಬುಕ್, ಮತ್ತು ಕಾಲೇಜು ಮುಗಿದ ಮೇಲೂ ಉಳಿಯುವ ಸ್ವಂತ ಇಮೇಲ್ ವಿಳಾಸ. ಕಾಲೇಜಿನ ಇಮೇಲ್ ಮುಚ್ಚಿಹೋಗಿ ಯೂನಿವರ್ಸಿಟಿಯ ಪತ್ರ ತಪ್ಪಿಸಿಕೊಂಡವರು ಪ್ರತಿ ವರ್ಷ ಇರುತ್ತಾರೆ.

## ಹಂತ 1: ಕೊನೆಯಿಂದ ಶುರುಮಾಡಿ, ಯೂನಿವರ್ಸಿಟಿ ಮೊದಲು ಗೊತ್ತುಮಾಡಿಕೊಳ್ಳಿ

ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಕೃಷಿ ಶಿಕ್ಷಕರನ್ನು ತಯಾರು ಮಾಡುವ ಮುಖ್ಯ ಕ್ಯಾಂಪಸ್‌ಗಳು ಐದು: ಫ್ರೆಸ್ನೋ ಸ್ಟೇಟ್, ಚೀಕೋ ಸ್ಟೇಟ್, ಸ್ಯಾನ್ ಲೂಯಿಸ್ ಒಬಿಸ್ಪೋದ ಕ್ಯಾಲ್ ಪಾಲಿ, ಕ್ಯಾಲ್ ಪಾಲಿ ಪೊಮೋನಾ ಮತ್ತು ಯುಸಿ ಡೇವಿಸ್. ಮೊದಲ ನಾಲ್ಕು ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ವ್ಯವಸ್ಥೆಯವು, ಡೇವಿಸ್ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವ್ಯವಸ್ಥೆಯದು. ಈ ಭೇದ ಸಣ್ಣದಲ್ಲ. ಅರ್ಜಿ ಬೇರೆ, ಗಡುವು ಬೇರೆ, ಬೇಕಾದ ವಿಜ್ಞಾನದ ಪಾಠಗಳೂ ಬೇರೆ.

ಮೇಜರ್‌ನ ಹೆಸರು ಎಲ್ಲ ಕಡೆ ‘ಅಗ್ರಿಕಲ್ಚರಲ್ ಎಜುಕೇಷನ್’ ಎಂದಿರುವುದಿಲ್ಲ. ಎರಡೂ ಕ್ಯಾಲ್ ಪಾಲಿಗಳಲ್ಲಿ ಶಿಕ್ಷಕರಾಗುವವರು ಸೇರುವುದು ‘ಅಗ್ರಿಕಲ್ಚರಲ್ ಸೈನ್ಸ್’ಗೆ. ಡೇವಿಸ್‌ನಲ್ಲಿ ಅದು ‘ಅಗ್ರಿಕಲ್ಚರಲ್ ಅಂಡ್ ಎನ್ವಿರಾನ್‌ಮೆಂಟಲ್ ಎಜುಕೇಷನ್’. ಹುಡುಕುವಾಗ ‘ಎಜುಕೇಷನ್’ ಪದ ಕಾಣಲಿಲ್ಲವೆಂದು ಕೋರ್ಸೇ ಇಲ್ಲ ಅಂದುಕೊಂಡು ಮುಂದೆ ಹೋಗುವವರಿದ್ದಾರೆ. ಇನ್ನು ಕೆಲವರು ಹೆಸರು ಹತ್ತಿರವಿದೆ ಎಂದು ‘ಲಿಬರಲ್ ಸ್ಟಡೀಸ್’ ಟಿಕ್ ಮಾಡುತ್ತಾರೆ. ಅದು ಪ್ರಾಥಮಿಕ ಶಾಲಾ ಶಿಕ್ಷಕರ ದಾರಿ.

ಒಂದು ಮೊದಲ ಆಯ್ಕೆ, ಒಂದು ಎರಡನೆಯ ಆಯ್ಕೆ, ಅಷ್ಟೇ ಇಟ್ಟುಕೊಳ್ಳಿ. ಐದಕ್ಕೂ ಒಟ್ಟಿಗೆ ತಯಾರಾಗಲು ಹೊರಟರೆ ಬೇಡದ ಕೋರ್ಸುಗಳಲ್ಲಿ ಒಂದು ಸೆಮಿಸ್ಟರ್ ಕಳೆದುಹೋಗುತ್ತದೆ.

ಕಮ್ಯುನಿಟಿ ಕಾಲೇಜನ್ನು ಇನ್ನೂ ಆರಿಸದವರು ಸ್ವಂತ ಫಾರ್ಮ್ ಇರುವ, ಕೃಷಿ ವಿಭಾಗ ದೊಡ್ಡದಿರುವ ಕಡೆ ಹೋಗುವುದು ಜಾಣತನ. ಮೊಡೆಸ್ಟೋ ಜೂನಿಯರ್ ಕಾಲೇಜ್, ರೀಡ್ಲಿ, ಮರ್ಸೆಡ್, ಕಾಲೇಜ್ ಆಫ್ ದಿ ಸಿಕೋಯಾಸ್, ಬ್ಯೂಟ್, ಸಾಂಟಾ ರೋಸಾ, ಮೌಂಟ್ ಸ್ಯಾನ್ ಆಂಟೋನಿಯೋ ಈ ಬಗೆಯವು. ಬೇ ಏರಿಯಾದಲ್ಲಿ ಮನೆ ಇರುವ ಕನ್ನಡ ಕುಟುಂಬಗಳ ಮಕ್ಕಳು ಹತ್ತಿರದ ಕಾಲೇಜಿಗೆ ಸೇರಿ ಜನರಲ್ ಎಜುಕೇಷನ್ (ಯಾವ ಪದವಿಗಾದರೂ ಬೇಕಾದ ಸಾಮಾನ್ಯ ಪಾಠಗಳು) ಮುಗಿಸುವುದುಂಟು. ಅಲ್ಲಿ ಮಣ್ಣು ವಿಜ್ಞಾನ, ಪಶು ವಿಜ್ಞಾನದ ಪಾಠವೇ ಇಲ್ಲದಿದ್ದರೆ ಆ ಕೋರ್ಸುಗಳನ್ನಾದರೂ ಕೃಷಿ ವಿಭಾಗವಿರುವ ಇನ್ನೊಂದು ಕಮ್ಯುನಿಟಿ ಕಾಲೇಜಿನಲ್ಲಿ ಮಾಡಬೇಕಾಗುತ್ತದೆ. ಹಾಗೆ ಮಾಡಬಹುದು, ಅಡ್ಡಿಯಿಲ್ಲ.

## ಹಂತ 2: ಅಸಿಸ್ಟ್ ಹಾಳೆ ಓದುವುದು ಕಲಿಯಿರಿ

ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸ್ ಯಾವ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಎಂಬುದಕ್ಕೆ ರಾಜ್ಯದ ಅಧಿಕೃತ ಜಾಲತಾಣ ಅಸಿಸ್ಟ್. ಅದರಲ್ಲಿ ವರ್ಷ, ನಿಮ್ಮ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ಕೊನೆಗೆ ಮೇಜರ್, ಈ ಅನುಕ್ರಮದಲ್ಲಿ ಆರಿಸಿದರೆ ಎರಡು ಕಾಲಂ ಇರುವ ಹಾಳೆ ತೆರೆಯುತ್ತದೆ. ಎಡಕ್ಕೆ ಯೂನಿವರ್ಸಿಟಿ ಕೇಳುವ ಕೋರ್ಸ್, ಬಲಕ್ಕೆ ಅದಕ್ಕೆ ಸಮವಾದ ನಿಮ್ಮ ಕಾಲೇಜಿನ ಕೋರ್ಸ್.

ತಪ್ಪು ಓದುವುದು ಸಾಮಾನ್ಯವಾಗಿ ಮೂರು ಕಡೆ.

ಮೊದಲನೆಯದು ‘ಮತ್ತು’, ‘ಅಥವಾ’. ಬಲಗಡೆ ಎರಡು ಕೋರ್ಸುಗಳ ನಡುವೆ ‘ಮತ್ತು’ ಇದ್ದರೆ ಎರಡನ್ನೂ ಮಾಡಿದಾಗ ಮಾತ್ರ ಎಡಗಡೆಯ ಒಂದು ಕೋರ್ಸ್ ಸಲ್ಲುತ್ತದೆ. ಪ್ರಾಣಿ ವಿಜ್ಞಾನದ ಪಾಠ ಒಂದು ಕೋರ್ಸ್, ಲ್ಯಾಬ್ ಇನ್ನೊಂದು ಕೋರ್ಸ್ ಆಗಿರುವ ಕಾಲೇಜುಗಳಲ್ಲಿ ಪಾಠ ಮಾತ್ರ ಮುಗಿಸಿ ಲ್ಯಾಬ್ ಬಿಟ್ಟರೆ ಸಿಗುವುದು ಸೊನ್ನೆ. ಅರ್ಧವೂ ಅಲ್ಲ.

ಎರಡನೆಯದು ‘ಸಮಾನ ಕೋರ್ಸ್ ಇಲ್ಲ’ ಎಂಬ ಸಾಲು. ಅದನ್ನು ನೋಡಿ ಗಾಬರಿಯಾಗಬೇಡಿ, ನಿರ್ಲಕ್ಷಿಸಲೂ ಬೇಡಿ. ನಿಮ್ಮ ಕಾಲೇಜಿನಲ್ಲಿ ಆ ಪಾಠ ಇಲ್ಲ ಅಥವಾ ಇದ್ದರೂ ಒಪ್ಪಂದ ಆಗಿಲ್ಲ ಎಂದರ್ಥ. ಅಕ್ಕಪಕ್ಕದ ಎರಡು ಕಾಲೇಜುಗಳ ಹಾಳೆಯನ್ನೂ ತೆರೆದು ನೋಡಿ. ಅಲ್ಲಿದ್ದರೆ ಬೇಸಿಗೆಯಲ್ಲಿ ಅಲ್ಲೇ ಮುಗಿಸಿ. ಎಲ್ಲೂ ಇಲ್ಲದಿದ್ದರೆ ಯೂನಿವರ್ಸಿಟಿಗೆ ಹೋದ ಮೊದಲ ಸೆಮಿಸ್ಟರಿನ ಪಟ್ಟಿಗೆ ಸೇರಿಸಿ.

ಮೂರನೆಯದು ಸರಣಿ ಕೋರ್ಸುಗಳು. ಜನರಲ್ ಕೆಮಿಸ್ಟ್ರಿ, ಜೀವಶಾಸ್ತ್ರದಂಥ ಎರಡು ಮೂರು ಭಾಗದ ಸರಣಿಯನ್ನು ಒಂದೇ ಕಾಲೇಜಿನಲ್ಲಿ ಪೂರ್ತಿ ಮಾಡಿ. ಮೊದಲ ಭಾಗ ಒಂದು ಕಡೆ, ಎರಡನೆಯದು ಇನ್ನೊಂದು ಕಡೆ ಮಾಡಿದರೆ ಪಾಠಗಳ ಹಂಚಿಕೆ ಹೊಂದದೆ ನಡುವೆ ಕಂದಕ ಬೀಳುತ್ತದೆ.

ನೀವು ಓದಲು ಶುರುಮಾಡಿದ ವರ್ಷದ ಹಾಳೆಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಆಮೇಲೆ ಪ್ರತಿ ವರ್ಷವೂ. ಒಪ್ಪಂದಗಳು ಬದಲಾಗುತ್ತವೆ. 2025ರ ಶರತ್ಕಾಲದಿಂದ ಕಮ್ಯುನಿಟಿ ಕಾಲೇಜುಗಳಲ್ಲಿ ಕೋರ್ಸ್ ಸಂಖ್ಯೆಗಳೂ ಏಕರೂಪವಾಗುತ್ತಿವೆ: ಇಂಗ್ಲಿಷ್ ಸಿ1000, ಸ್ಟ್ಯಾಟಿಸ್ಟಿಕ್ಸ್ ಸಿ1000, ಕಮ್ಯುನಿಕೇಷನ್ ಸಿ1000 ಎಂಬಂತೆ. ಹಳೆಯ ಸಂಖ್ಯೆಯಲ್ಲಿ ಒಮ್ಮೆ ಮುಗಿಸಿದ್ದನ್ನು ಹೊಸ ಸಂಖ್ಯೆ ನೋಡಿ ಬೇರೆ ಕೋರ್ಸ್ ಎಂದು ಮತ್ತೆ ಸೇರಬೇಡಿ.

## ಹಂತ 3: ಜನರಲ್ ಎಜುಕೇಷನ್‌ಗೆ ಒಂದೇ ಮಾದರಿ, ಆದರೆ ನಾಲ್ಕು ಕೋರ್ಸ್ ಮೊದಲು

2025ರ ಶರತ್ಕಾಲದಲ್ಲಿ ಅಥವಾ ಆಮೇಲೆ ಕಮ್ಯುನಿಟಿ ಕಾಲೇಜು ಶುರುಮಾಡಿದವರಿಗೆ ಯುಸಿ, ಸಿಎಸ್‌ಯು ಎರಡಕ್ಕೂ ಒಂದೇ ಮಾದರಿ: ಕ್ಯಾಲ್-ಜಿಇಟಿಸಿ. 11 ಕೋರ್ಸ್, 34 ಸೆಮಿಸ್ಟರ್ ಯೂನಿಟ್. ಇಂಗ್ಲಿಷ್ ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಭಾಷಣ ಕಲೆ, ಗಣಿತ, ಕಲೆ, ಮಾನವಿಕ, ಸಮಾಜ ವಿಜ್ಞಾನದಲ್ಲಿ ಎರಡು, ಭೌತ ವಿಜ್ಞಾನ, ಜೀವ ವಿಜ್ಞಾನ, ಎಥ್ನಿಕ್ ಸ್ಟಡೀಸ್. ಆ 34ರಲ್ಲಿ 1 ಯೂನಿಟ್ ಲ್ಯಾಬ್‌ಗೆ. ಪ್ರತಿಯೊಂದರಲ್ಲೂ ಕನಿಷ್ಠ ಸಿ ಗ್ರೇಡ್ ಬೇಕು.

ಇವುಗಳಲ್ಲಿ ಮೊದಲ ನಾಲ್ಕಕ್ಕೆ ಸಿಎಸ್‌ಯು ಬಳಕೆಯಲ್ಲಿ ‘ಗೋಲ್ಡನ್ ಫೋರ್’ ಎಂಬ ಹೆಸರೇ ಇದೆ. ಇವು ಮುಗಿಯದೆ ಮೇಲ್ವರ್ಗದ (ಪದವಿಯ ಮೂರನೇ ವರ್ಷದ) ಟ್ರಾನ್ಸ್‌ಫರ್ ಪ್ರವೇಶವೇ ಇಲ್ಲ. ಶರತ್ಕಾಲಕ್ಕೆ ಸೇರುವವರು ಅದರ ಹಿಂದಿನ ವಸಂತ ಸೆಮಿಸ್ಟರಿನೊಳಗೆ ಮುಗಿಸಿರಬೇಕು. ‘ಭಾಷಣ ಕಲೆ ಒಂದೇ ತಾನೆ, ಬೇಸಿಗೆಯಲ್ಲಿ ಮಾಡಿದರಾಯಿತು’ ಎನ್ನುವುದು ಸೀಟು ಕಳೆದುಕೊಳ್ಳುವ ಅತಿ ಸುಲಭದ ದಾರಿ. ನಾಲ್ಕನ್ನೂ ಮೊದಲ ವರ್ಷದಲ್ಲೇ ಮುಗಿಸಿಬಿಡಿ.

ಎರಡು ಕಡೆ ಒಂದೇ ಕಲ್ಲಿಗೆ ಎರಡು ಹಣ್ಣು ಬೀಳುತ್ತವೆ. ಗಣಿತಕ್ಕೆ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡರೆ ಹೆಚ್ಚಿನ ಕೃಷಿ ಮೇಜರ್‌ಗಳಿಗೂ ಅದೇ ಸಲ್ಲುತ್ತದೆ. ಭೌತ ವಿಜ್ಞಾನಕ್ಕೆ ಲ್ಯಾಬ್ ಸಹಿತ ಕೆಮಿಸ್ಟ್ರಿ ತೆಗೆದುಕೊಂಡರೆ ಜನರಲ್ ಎಜುಕೇಷನ್ ಮತ್ತು ಮೇಜರ್ ಎರಡಕ್ಕೂ ಆಯಿತು. ಇದನ್ನು ಗಮನಿಸದೆ ಭೌತ ವಿಜ್ಞಾನಕ್ಕೆ ಖಗೋಳಶಾಸ್ತ್ರ ಓದಿದವರು ಆಮೇಲೆ ಕೆಮಿಸ್ಟ್ರಿಗೆ ಮತ್ತೆ 5 ಯೂನಿಟ್ ಕೊಡುತ್ತಾರೆ.

ಸಿಎಸ್‌ಯುನಲ್ಲಿ ಪದವಿ ಪಡೆಯಲು ಅಮೆರಿಕದ ಇತಿಹಾಸ, ಸಂವಿಧಾನ ಮತ್ತು ಕ್ಯಾಲಿಫೋರ್ನಿಯಾ ಸರ್ಕಾರದ ಬಗ್ಗೆ ಸಾಮಾನ್ಯವಾಗಿ 6 ಯೂನಿಟ್ ಪಾಠ ಬೇಕು. ಸಮಾಜ ವಿಜ್ಞಾನ, ಮಾನವಿಕ ವಿಭಾಗಗಳಿಗೆ ಕೋರ್ಸ್ ಆರಿಸುವಾಗ ಇದಕ್ಕೂ ಸಲ್ಲುವಂಥದ್ದನ್ನೇ ಆರಿಸಿ. ಟೀಚಿಂಗ್ ಕ್ರೆಡೆನ್ಷಿಯಲ್‌ಗೂ ಸಂವಿಧಾನದ ಪಾಠ ಕಡ್ಡಾಯ.

## ಹಂತ 4: ಮೇಜರ್ ಕೋರ್ಸುಗಳು, ಕೆಮಿಸ್ಟ್ರಿಯಿಂದ ಶುರು

ಕೃಷಿ ಶಿಕ್ಷಕ ಒಂದೇ ವಿಷಯ ಹಿಡಿದು ಕೂರುವವನಲ್ಲ. ಬೆಳಿಗ್ಗೆ ಸಸ್ಯ ವಿಜ್ಞಾನ, ಮಧ್ಯಾಹ್ನ ವೆಲ್ಡಿಂಗ್ ಶಾಪ್, ಸಂಜೆ ಎಫ್‌ಎಫ್‌ಎ (ಕೃಷಿ ಓದುವ ಶಾಲಾ ಮಕ್ಕಳ ಸಂಘಟನೆ) ಸ್ಪರ್ಧೆಗೆ ಕುರಿ ತಯಾರಿ. ಹಾಗಾಗಿ ಕೆಳ ತರಗತಿಯ ಪಾಠಗಳೂ ಹರಡಿಕೊಂಡಿರುತ್ತವೆ: ಸಸ್ಯ ವಿಜ್ಞಾನ, ಮಣ್ಣು ವಿಜ್ಞಾನ, ಪಶು ವಿಜ್ಞಾನ, ಕೃಷಿ ಅರ್ಥಶಾಸ್ತ್ರ ಅಥವಾ ವ್ಯವಹಾರ, ಕೃಷಿ ಯಂತ್ರ ಶಾಸ್ತ್ರ, ಕೆಮಿಸ್ಟ್ರಿ, ಜೀವಶಾಸ್ತ್ರ.

ಅನುಕ್ರಮ ಮುಖ್ಯ. ಮಣ್ಣು ವಿಜ್ಞಾನಕ್ಕೆ ಕೆಮಿಸ್ಟ್ರಿ, ಕೆಮಿಸ್ಟ್ರಿಗೆ ಗಣಿತ ಮೊದಲು ಬೇಕೆಂದು ಹಲವು ಕಾಲೇಜುಗಳು ಕೇಳುತ್ತವೆ. ಮೇಲಾಗಿ ಕೃಷಿ ಕೋರ್ಸುಗಳನ್ನು ಎಷ್ಟೋ ಕಾಲೇಜುಗಳು ವರ್ಷಕ್ಕೊಮ್ಮೆ ಮಾತ್ರ ನಡೆಸುತ್ತವೆ. ಮಣ್ಣು ವಿಜ್ಞಾನ ವಸಂತದಲ್ಲಿ ಮಾತ್ರ ಇದ್ದು, ನೀವು ಕೆಮಿಸ್ಟ್ರಿಯನ್ನು ಎರಡನೇ ವರ್ಷದ ವಸಂತಕ್ಕೆ ಇಟ್ಟುಕೊಂಡಿದ್ದರೆ ಆಟ ಅಲ್ಲಿಗೆ ಮುಗಿಯಿತು. ಒಂದು ಸಾಧಾರಣ ಹಂಚಿಕೆ ಹೀಗಿರಲಿ:

1. ಮೊದಲ ಶರತ್ಕಾಲ: ಇಂಗ್ಲಿಷ್ ಬರವಣಿಗೆ, ಸ್ಟ್ಯಾಟಿಸ್ಟಿಕ್ಸ್, ಸಸ್ಯ ವಿಜ್ಞಾನ ಪ್ರವೇಶ, ಭಾಷಣ ಕಲೆ.
2. ಮೊದಲ ವಸಂತ: ಕೆಮಿಸ್ಟ್ರಿ, ವಿಮರ್ಶಾತ್ಮಕ ಚಿಂತನೆ, ಪಶು ವಿಜ್ಞಾನ, ಇತಿಹಾಸ.
3. ಎರಡನೇ ಶರತ್ಕಾಲ: ಜೀವಶಾಸ್ತ್ರ, ಕೃಷಿ ಅರ್ಥಶಾಸ್ತ್ರ, ಕೃಷಿ ಯಂತ್ರ ಶಾಸ್ತ್ರ, ಎಥ್ನಿಕ್ ಸ್ಟಡೀಸ್.
4. ಎರಡನೇ ವಸಂತ: ಮಣ್ಣು ವಿಜ್ಞಾನ, ಕಲೆ, ಮಾನವಿಕ, ಸರ್ಕಾರ, ಉಳಿದ ಮೇಜರ್ ಕೋರ್ಸ್.

ಸೆಮಿಸ್ಟರಿಗೆ ಸುಮಾರು 15 ಯೂನಿಟ್ ಆಯಿತು. ಲ್ಯಾಬ್ ಇರುವ ಎರಡಕ್ಕಿಂತ ಹೆಚ್ಚು ಕೋರ್ಸುಗಳನ್ನು ಒಂದೇ ಸೆಮಿಸ್ಟರಿಗೆ ತುರುಕಬೇಡಿ.

ಡೇವಿಸ್ ನಿಮ್ಮ ಮೊದಲ ಆಯ್ಕೆಯಾದರೆ ಈ ಹಂಚಿಕೆ ಸಾಲದು. ಅಲ್ಲಿ ವಿಜ್ಞಾನ ಮೇಜರ್‌ಗಳವರು ಓದುವ ಜನರಲ್ ಕೆಮಿಸ್ಟ್ರಿ, ಜೀವಶಾಸ್ತ್ರ ಸರಣಿಗಳತ್ತ ಹೆಚ್ಚು ಒತ್ತು. ‘ಇಂಟ್ರೊಡಕ್ಟರಿ ಕೆಮಿಸ್ಟ್ರಿ’ಯಲ್ಲಿ ಎ ಬಂದಿದ್ದರೂ ಅದು ಜನರಲ್ ಕೆಮಿಸ್ಟ್ರಿಯ ಜಾಗ ತುಂಬುವುದಿಲ್ಲ. ಡೇವಿಸ್ ಕ್ವಾರ್ಟರ್ ಪದ್ಧತಿಯ (ವರ್ಷಕ್ಕೆ ಎರಡು ಸೆಮಿಸ್ಟರಿನ ಬದಲು ಮೂರು ಅವಧಿಯ) ಕ್ಯಾಂಪಸ್ ಎಂಬುದೂ ನೆನಪಿರಲಿ: ನಿಮ್ಮ 60 ಸೆಮಿಸ್ಟರ್ ಯೂನಿಟ್ ಅಲ್ಲಿ 90 ಕ್ವಾರ್ಟರ್ ಯೂನಿಟ್ ಎಂದು ಕಾಣುತ್ತದೆ. ಲಾಭವಾಯಿತು ಎಂದು ಹಿಗ್ಗಬೇಡಿ, ಒಂದೂವರೆಯಿಂದ ಗುಣಿಸಿದ್ದಾರೆ ಅಷ್ಟೇ.

ಇನ್ನು ಎಡಿಟಿ, ಅಂದರೆ ಟ್ರಾನ್ಸ್‌ಫರ್‌ಗೆಂದೇ ಇರುವ ಅಸೋಸಿಯೇಟ್ ಡಿಗ್ರಿ. ಕೃಷಿಯಲ್ಲಿ ಇದು ಸಸ್ಯ ವಿಜ್ಞಾನ, ಪಶು ವಿಜ್ಞಾನ, ಕೃಷಿ ವ್ಯವಹಾರ ಎಂಬ ಮೂರು ಬಗೆಯಲ್ಲಿ ಸಿಗುತ್ತದೆ. 60 ಯೂನಿಟ್, ಕನಿಷ್ಠ 2.0 ಜಿಪಿಎ. ಇದನ್ನು ಮುಗಿಸಿದವರಿಗೆ ಸಿಎಸ್‌ಯು ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಸ್ಥಾನ ಖಾತ್ರಿ. ಹೊಂದುವ ಮೇಜರ್‌ನಲ್ಲಿ ಉಳಿದ 60 ಯೂನಿಟ್‌ಗಳಲ್ಲೇ ಪದವಿ ಮುಗಿಯುವಂತೆಯೂ ನೋಡಿಕೊಳ್ಳುತ್ತಾರೆ. ‘ಎಲ್ಲಾದರೂ’ ಮತ್ತು ‘ಹೊಂದುವ’ ಎಂಬ ಎರಡು ಪದಗಳ ಕೆಳಗೆ ಗೆರೆ ಎಳೆಯಿರಿ. ಫ್ರೆಸ್ನೋ ಬೇಕು ಎಂದವರಿಗೆ ಫ್ರೆಸ್ನೋವೇ ಸಿಗುತ್ತದೆ ಎಂಬ ಮಾತು ಇದರಲ್ಲಿಲ್ಲ. ನೀವು ಆರಿಸಿದ ಎಡಿಟಿಯನ್ನು ಆ ಕ್ಯಾಂಪಸ್ ತನ್ನ ಕೃಷಿ ಶಿಕ್ಷಣ ಮೇಜರ್‌ಗೆ ಹೊಂದುವುದೆಂದು ಪಟ್ಟಿ ಮಾಡಿದೆಯೇ ಎಂದು ಸೇರುವ ಮೊದಲೇ ನೋಡಿಕೊಳ್ಳಿ.

ಇನ್ನೊಂದು ಮಾತು. ಕಮ್ಯುನಿಟಿ ಕಾಲೇಜಿನಿಂದ ಗರಿಷ್ಠ 70 ಸೆಮಿಸ್ಟರ್ ಯೂನಿಟ್ ಮಾತ್ರ ಪದವಿಯ ಲೆಕ್ಕಕ್ಕೆ ಸೇರುತ್ತವೆ. 85 ಯೂನಿಟ್ ಮಾಡಿ ಹೋದರೆ ಉಳಿದ 15 ಯೂನಿಟ್ ಪದವಿಯ ಮೊತ್ತಕ್ಕೆ ಕೂಡುವುದಿಲ್ಲ, ಆ ಪಾಠಗಳ ವಿಷಯಕ್ಕೆ ಮಾತ್ರ ಮಾನ್ಯತೆ. ಯೂನಿವರ್ಸಿಟಿಯ ಮೇಲ್ವರ್ಗದ ಕೋರ್ಸಿಗೆ ಕಮ್ಯುನಿಟಿ ಕಾಲೇಜಿನ ಕೋರ್ಸ್ ಹೊಂದುವುದಿಲ್ಲ, ಪಠ್ಯಪುಸ್ತಕ ಅದೇ ಆಗಿದ್ದರೂ ಸರಿ.

## ಹಂತ 5: 3,000 ಗಂಟೆ, ಮೊದಲ ದಿನದಿಂದಲೇ

ಅತಿ ಹೆಚ್ಚು ಜನ ಬೀಳುವ ಜಾಗ ಇದು. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಕೃಷಿ ಶಿಕ್ಷಕರಾಗಲು ಎರಡು ಕ್ರೆಡೆನ್ಷಿಯಲ್ ಜೊತೆಯಾಗಿ ಪಡೆಯುವುದು ವಾಡಿಕೆ: ಕೃಷಿಯ ಸಿಂಗಲ್ ಸಬ್ಜೆಕ್ಟ್ ಮತ್ತು ಅಗ್ರಿಕಲ್ಚರ್ ಸ್ಪೆಷಲಿಸ್ಟ್. ಅದಕ್ಕೆ ಕೃಷಿ ಕ್ಷೇತ್ರದಲ್ಲಿ 3,000 ಗಂಟೆ ಕೆಲಸದ ಅನುಭವವನ್ನು ದಾಖಲೆ ಸಹಿತ ತೋರಿಸಬೇಕು. ಆ ದಾಖಲೆಯ ಫಾರ್ಮಿಗೆ ಕ್ಯಾಂಪಸ್‌ಗಳಲ್ಲಿ ಟಿ-14 ಎನ್ನುತ್ತಾರೆ. ಪ್ರವೇಶದ ಅರ್ಜಿಯಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಕೊನೆಯ ವರ್ಷ ಕ್ರೆಡೆನ್ಷಿಯಲ್‌ಗೆ ಅರ್ಜಿ ಹಾಕುವಾಗ ಎದುರಾಗುತ್ತದೆ. ಯುದ್ಧಕಾಲೇ ಶಸ್ತ್ರಾಭ್ಯಾಸ.

ಲೆಕ್ಕ ನೋಡಿ. ಒಂದು ಬೇಸಿಗೆಯಲ್ಲಿ 10 ವಾರ, ವಾರಕ್ಕೆ 40 ಗಂಟೆ ದುಡಿದರೆ 400. ನಾಲ್ಕು ಬೇಸಿಗೆಗೆ 1,600. ತರಗತಿ ನಡೆಯುವ ವರ್ಷದ 32 ವಾರಗಳಲ್ಲಿ ವಾರಕ್ಕೆ 10 ಗಂಟೆಯಂತೆ 320, ನಾಲ್ಕು ವರ್ಷಕ್ಕೆ 1,280. ಒಟ್ಟು 2,880. ಉಳಿದ 120ಕ್ಕೆ ಒಂದು ಚಳಿಗಾಲದ ರಜೆಯ ಮೂರು ವಾರ ಬೇಕು. ಮೊದಲ ವರ್ಷದಿಂದಲೇ ಹಿಡಿದರೂ ಅಂಚಿಗೆ ಬಂದು ನಿಲ್ಲುತ್ತದೆ. ಟ್ರಾನ್ಸ್‌ಫರ್ ಆದ ಮೇಲೆ ಶುರುಮಾಡಿದವರ ಕೈಗೆ ಬರುವುದು ಇದರ ಅರ್ಧ.

ಬರೆದಿಡುವ ರೀತಿ ಹೀಗಿರಲಿ:

‘ಜೂನ್ 9ರಿಂದ 13. ಬಾದಾಮಿ ತೋಟ. ಹನಿ ನೀರಾವರಿ ಪೈಪ್ ಸೋರಿಕೆ ಹುಡುಕಿ ಸರಿಪಡಿಸಿದ್ದು, ಫಿಲ್ಟರ್ ತೊಳೆದದ್ದು, ಎರಡು ದಿನ ಟ್ರ್ಯಾಕ್ಟರ್‌ನಲ್ಲಿ ಕಳೆ ಕತ್ತರಿಸಿದ್ದು. 38 ಗಂಟೆ. ಮೇಲ್ವಿಚಾರಕರ ಹೆಸರು, ಫೋನ್, ಸಹಿ.’

‘ತೋಟದ ಕೆಲಸ, 38 ಗಂಟೆ’ ಎಂದಷ್ಟೇ ಬರೆದರೆ ಪರಿಶೀಲಿಸುವವರಿಗೆ ಏನೂ ತಿಳಿಯುವುದಿಲ್ಲ. ಯಾವ ಉಪಕರಣ, ಯಾವ ಬೆಳೆ ಅಥವಾ ಪ್ರಾಣಿ, ಯಾವ ಜವಾಬ್ದಾರಿ ಎಂಬುದು ಇರಲಿ. ಸಹಿಯನ್ನು ಆ ಕೆಲಸ ಬಿಡುವ ವಾರವೇ ಹಾಕಿಸಿಕೊಳ್ಳಿ. ನಾಲ್ಕು ವರ್ಷದ ನಂತರ ಆ ಮೇಲ್ವಿಚಾರಕರು ಎಲ್ಲಿರುತ್ತಾರೋ, ಆ ನರ್ಸರಿ ಇರುತ್ತದೋ ಇಲ್ಲವೋ. ಸಂಬಳದ ಚೀಟಿಗಳನ್ನೂ ಅದೇ ಕವರಿನಲ್ಲಿ ಇಡಿ.

ಗಂಟೆಗಳೆಲ್ಲ ಒಂದೇ ಬಗೆಯ ಕೆಲಸದಲ್ಲಿ ತುಂಬದಿರಲಿ. 3,000 ಗಂಟೆಯೂ ಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಕಳೆದವರು ಮುಂದೆ ಮಕ್ಕಳಿಗೆ ಹಸುವಿನ ಕೆಚ್ಚಲು ಬಾವು ಹೇಗೆ ಗುರುತಿಸುವುದು ಎಂದು ತೋರಿಸಲಾರರು. ಒಂದು ಬೇಸಿಗೆ ಡೈರಿ, ಒಂದು ಬೇಸಿಗೆ ನರ್ಸರಿ, ಒಂದಷ್ಟು ಯಂತ್ರಗಳ ದುರಸ್ತಿ, ಹೀಗೆ ಹಂಚಿ.

ಹೈಸ್ಕೂಲಿನ ಎಫ್‌ಎಫ್‌ಎ ಪ್ರಾಜೆಕ್ಟಿನ ಗಂಟೆಗಳು, ಊರಲ್ಲಿ ಅಜ್ಜನ ಅಡಿಕೆ ತೋಟದಲ್ಲಿ ಮಾಡಿದ ಕೆಲಸ, ಸಂಬಳವಿಲ್ಲದ ಕೆಲಸ ಇವೆಲ್ಲ ಎಷ್ಟು ಸಲ್ಲುತ್ತವೆ? ಇದನ್ನು ತೀರ್ಮಾನಿಸುವವರು ಆಯಾ ಕ್ಯಾಂಪಸ್ಸಿನ ಕೃಷಿ ಶಿಕ್ಷಣ ವಿಭಾಗದ ಅಧ್ಯಾಪಕರು. ಕಮ್ಯುನಿಟಿ ಕಾಲೇಜಿನ ಮೊದಲ ವರ್ಷವೇ ಅವರಿಗೆ ಇಮೇಲ್ ಮಾಡಿ ಮೂರು ಪ್ರಶ್ನೆ ಕೇಳಿ: ಟಿ-14ರ ಈಗಿನ ಫಾರ್ಮ್ ಕಳಿಸುವಿರಾ, ನನ್ನ ಈ ಹಳೆಯ ಅನುಭವದಲ್ಲಿ ಎಷ್ಟು ಗಂಟೆ ಒಪ್ಪುತ್ತೀರಿ, ಯಾವ ಕ್ಷೇತ್ರದಲ್ಲಿ ನನಗೆ ಕೊರತೆ ಇದೆ. ಬಂದ ಉತ್ತರವನ್ನು ಪ್ರಿಂಟ್ ತೆಗೆದಿಡಿ. ಫೋನಿನಲ್ಲಿ ಹೇಳಿದ್ದು ಮುಂದೆ ಕೆಲಸಕ್ಕೆ ಬರುವುದಿಲ್ಲ.

## ಹಂತ 6: ವೀಸಾ, ನಿವಾಸ, ಶುಲ್ಕ

ಕನ್ನಡ ಕುಟುಂಬಗಳಲ್ಲಿ ಹಲವರ ತೊಡಕು ಓದಿನದಲ್ಲ, ವೀಸಾದ್ದು.

ಎಚ್-4ರಲ್ಲಿರುವ (ಉದ್ಯೋಗ ವೀಸಾದವರ ಅವಲಂಬಿತರಾಗಿ ಬಂದ) ಮಕ್ಕಳು ಕ್ಯಾಲಿಫೋರ್ನಿಯಾದ ನಿವಾಸಿಗಳೆಂದು ಮಾನ್ಯರಾಗಬಹುದು. ಒಂದು ವರ್ಷಕ್ಕಿಂತ ಹೆಚ್ಚು ವಾಸ, ಇಲ್ಲೇ ನೆಲೆಸುವ ಉದ್ದೇಶ ಎರಡಕ್ಕೂ ದಾಖಲೆ ಬೇಕು. ಆಗ ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್‌ಗೆ 46 ಡಾಲರ್ ಶುಲ್ಕ. ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ನಿವಾಸಿ ದರ ಸಿಗುವುದಿಲ್ಲ, ಶುಲ್ಕ ಹಲವು ಪಟ್ಟು. ಎಚ್-4 ಮಗುವಿಗೆ 21 ತುಂಬಿದರೆ ಆ ವೀಸಾ ಮುಗಿಯುತ್ತದೆ. ಟ್ರಾನ್ಸ್‌ಫರ್ ಆಗುವ ವಯಸ್ಸು ಸರಿಯಾಗಿ ಅದೇ. ಎಫ್-1ಕ್ಕೆ ಬದಲಾಗುವಾಗ ಶುಲ್ಕದ ದರವೂ ಬದಲಾಗಬಹುದು, ಅದನ್ನು ಮುಂಚೆಯೇ ಬಜೆಟ್ಟಿನಲ್ಲಿ ಸೇರಿಸಿ.

ಈಗ 3,000 ಗಂಟೆಗೆ ಬನ್ನಿ. ಎಚ್-4 ಮಕ್ಕಳಿಗೆ ಸಂಬಳದ ಕೆಲಸ ಮಾಡಲು ಅನುಮತಿ ಇಲ್ಲ. ಎಫ್-1ರವರು ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆವರೆಗೆ, ರಜೆಯಲ್ಲಿ ಪೂರ್ಣಾವಧಿ ದುಡಿಯಬಹುದು. ಕಾಲೇಜೇ ನಡೆಸುವ ಫಾರ್ಮ್, ಡೈರಿ, ಗ್ರೀನ್‌ಹೌಸ್ ಇರುವ ಕಡೆ ಸೇರಿ ಎಂದು ಹಂತ 1ರಲ್ಲಿ ಹೇಳಿದ್ದು ಇದಕ್ಕೂ ಹೌದು. ಖಾಸಗಿ ತೋಟದಲ್ಲಿ ‘ಸಂಬಳ ಬೇಡ, ಗಂಟೆ ಬರೆದುಕೊಡಿ’ ಎಂದು ದುಡಿಯುವುದು ಸುರಕ್ಷಿತವಲ್ಲ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಬಿಟ್ಟಿ ಮಾಡಿದರೂ ಅದನ್ನು ಅನಧಿಕೃತ ಉದ್ಯೋಗವೆಂದು ಪರಿಗಣಿಸಬಹುದು. ಗಂಟೆ ಎಣಿಸಲು ಶುರುಮಾಡುವ ಮೊದಲು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೋ ವಲಸೆ ವಕೀಲರನ್ನೋ ಕೇಳಿ.

ನಾಗರಿಕರು, ಗ್ರೀನ್ ಕಾರ್ಡ್ ಇರುವವರು ಫಾಫ್ಸಾ (ವಿದ್ಯಾರ್ಥಿಗಳ ಹಣಕಾಸು ನೆರವಿನ) ಅರ್ಜಿಯನ್ನು ಮಾರ್ಚ್ 2ರ ಗಡುವಿನೊಳಗೆ ಹಾಕಿ. ರಾಜ್ಯ ಕೊಡುವ ಕ್ಯಾಲ್ ಗ್ರ್ಯಾಂಟ್ ನೆರವಿನ ಬಾಗಿಲು ಅದು.

## ಹಂತ 7: ಅರ್ಜಿ

ಸಿಎಸ್‌ಯು ಅರ್ಜಿ ಕ್ಯಾಲ್ ಸ್ಟೇಟ್ ಅಪ್ಲೈ ಜಾಲತಾಣದಲ್ಲಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಕ್ಯಾಂಪಸ್ಸಿಗೆ 70 ಡಾಲರ್. ಯುಸಿ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ, ಸಲ್ಲಿಕೆ ಅಕ್ಟೋಬರ್ 1ರಿಂದ. ಕ್ಯಾಂಪಸ್ಸಿಗೆ 80 ಡಾಲರ್. ಎರಡರ ಗಡುವೂ ನವೆಂಬರ್ 30 ಅಥವಾ ಡಿಸೆಂಬರಿನ ಮೊದಲ ದಿನಗಳಲ್ಲಿ ಬೀಳುತ್ತದೆ. ಕೊನೆಯ ರಾತ್ರಿ ಸರ್ವರ್ ಆಮೆಯಾಗುತ್ತದೆ, ನವೆಂಬರ್ 20ರೊಳಗೆ ಮುಗಿಸಿ.

ಯುಸಿಯ ಟ್ಯಾಗ್ ಎಂಬ ಪ್ರವೇಶ ಖಾತ್ರಿಯನ್ನು ಡೇವಿಸ್ ಕೊಡುತ್ತದೆ. ಅದರ ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ ಮಾತ್ರ, ಅದೂ ಒಂದೇ ಕ್ಯಾಂಪಸ್ಸಿಗೆ. ಟ್ಯಾಗ್ ಹಾಕಿದೆ ಎಂದು ನವೆಂಬರಿನ ಮುಖ್ಯ ಅರ್ಜಿ ಬಿಟ್ಟವರಿಗೆ ಖಾತ್ರಿಯೂ ಇಲ್ಲ, ಸೀಟೂ ಇಲ್ಲ.

ಕ್ಯಾಲ್ ಸ್ಟೇಟ್ ಅಪ್ಲೈನಲ್ಲಿ ಕೋರ್ಸುಗಳನ್ನು ನೀವೇ ಒಂದೊಂದಾಗಿ ತುಂಬಬೇಕು. ಟ್ರಾನ್ಸ್‌ಕ್ರಿಪ್ಟ್ ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿರುವ ಸಂಖ್ಯೆ, ಯೂನಿಟ್, ಗ್ರೇಡ್ ಹಾಗೆಯೇ ಬರೆಯಿರಿ. ಡಬ್ಲ್ಯೂ (ನಡುವೆ ಬಿಟ್ಟ ಕೋರ್ಸಿನ ಗುರುತು) ಬಂದದ್ದು, ಎರಡನೇ ಸಲ ಓದಿದ್ದು ಎಲ್ಲವೂ ಬರಲಿ. ಈಗ ಓದುತ್ತಿರುವ ಮತ್ತು ಮುಂದಿನ ವಸಂತಕ್ಕೆ ಯೋಜಿಸಿದ ಕೋರ್ಸುಗಳನ್ನೂ ತುಂಬಿ. ವಸಂತದ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರಿನ ಕಣ್ಣಿಗೆ ನಿಮ್ಮದು 45 ಯೂನಿಟ್‌ಗೆ ನಿಂತುಹೋದ ಅರ್ಜಿ.

ಯುಸಿಗೆ ನಾಲ್ಕು ಸಣ್ಣ ಬರಹಗಳಿವೆ, ಒಂದೊಂದೂ 350 ಪದದೊಳಗೆ. ಅದರಲ್ಲಿ ಒಂದು ಎಲ್ಲ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೂ ಕಡ್ಡಾಯ: ಮೇಜರ್‌ಗೆ ಹೇಗೆ ತಯಾರಾಗಿದ್ದೀರಿ ಎಂಬುದು. ‘ರೈತ ದೇಶದ ಬೆನ್ನೆಲುಬು’ ಧಾಟಿಯಲ್ಲಿ ಬರೆಯಬೇಡಿ. ಯಾವ ಕೋರ್ಸ್, ಯಾವ ಕೆಲಸ, ಅದರಲ್ಲಿ ಯಾರಿಗೆ ಏನು ಕಲಿಸಿದಿರಿ ಎಂದು ಬರೆಯಿರಿ. ಹಂತ 5ರ ನೋಟ್‌ಬುಕ್ ಇದ್ದವರಿಗೆ ಈ ಬರಹ ಒಂದು ಸಂಜೆಯ ಕೆಲಸ.

## ಹಂತ 8: ಅರ್ಜಿಯ ನಂತರ, ಸೇರುವ ಮೊದಲು

ಜನವರಿಯಲ್ಲಿ ಯುಸಿಯ ಟ್ರಾನ್ಸ್‌ಫರ್ ಅಕಾಡೆಮಿಕ್ ಅಪ್‌ಡೇಟ್ ತುಂಬಿ, ಗಡುವು ತಿಂಗಳ ಕೊನೆ. ಸಿಎಸ್‌ಯು ಕ್ಯಾಂಪಸ್‌ಗಳೂ ತಮ್ಮ ಪೋರ್ಟಲಿನಲ್ಲಿ ಪೂರಕ ಮಾಹಿತಿ ಕೇಳಬಹುದು. ವಾರಕ್ಕೊಮ್ಮೆ ಪೋರ್ಟಲ್ ತೆರೆಯಿರಿ, ಇಮೇಲ್ ಸ್ಪ್ಯಾಮಿಗೆ ಹೋಗಿರಬಹುದು.

ಅರ್ಜಿಯಲ್ಲಿ ಬರೆದ ಕೋರ್ಸನ್ನು ವಸಂತದಲ್ಲಿ ಬಿಟ್ಟುಬಿಡುವುದು, ಡಿ ಗ್ರೇಡ್ ಬರುವುದು, ಆನ್‌ಲೈನ್ ಬದಲಿ ಕೋರ್ಸಿಗೆ ಹಾರುವುದು, ಈ ಮೂರರಲ್ಲಿ ಯಾವುದಾದರೂ ಆಗುವ ಲಕ್ಷಣ ಕಂಡ ಕೂಡಲೇ ಯೂನಿವರ್ಸಿಟಿಗೆ ತಿಳಿಸಿ. ಮುಂಚೆ ಹೇಳಿದರೆ ಹಲವು ಸಲ ದಾರಿ ತೋರಿಸುತ್ತಾರೆ. ಜುಲೈನಲ್ಲಿ ಟ್ರಾನ್ಸ್‌ಕ್ರಿಪ್ಟ್ ನೋಡಿ ಅವರಿಗೇ ಗೊತ್ತಾದರೆ ಪ್ರವೇಶ ಹಿಂತೆಗೆದುಕೊಳ್ಳುವ ಪತ್ರ ಬರುತ್ತದೆ.

ವಸಂತದಲ್ಲಿ ಕಮ್ಯುನಿಟಿ ಕಾಲೇಜಿನಲ್ಲೇ ಮೂರು ಅರ್ಜಿ ಕೊಡುವುದಿದೆ. ಇವು ತಾವಾಗಿ ನಡೆಯುವುದಿಲ್ಲ. ಅಸೋಸಿಯೇಟ್ ಡಿಗ್ರಿ ಕೊಡಿ ಎಂಬ ಅರ್ಜಿ ಒಂದು. ಕ್ಯಾಲ್-ಜಿಇಟಿಸಿ ಮುಗಿದಿದೆ ಎಂಬ ಪ್ರಮಾಣೀಕರಣದ ಕೋರಿಕೆ ಇನ್ನೊಂದು. ಗ್ರೇಡುಗಳು ಬಂದ ಮೇಲೆ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಕಳಿಸುವ ಕೋರಿಕೆ ಮೂರನೆಯದು. ಎರಡನೆಯದನ್ನು ಮರೆತರೆ ಜನರಲ್ ಎಜುಕೇಷನ್ ಪೂರ್ತಿ ಮಾಡಿದ್ದರೂ ಯೂನಿವರ್ಸಿಟಿ ತನ್ನದೇ ಪಟ್ಟಿಗೆ ಒಂದೊಂದಾಗಿ ಹೋಲಿಸಲು ಕೂರುತ್ತದೆ. ಅಲ್ಲಿ ಎರಡೋ ಮೂರೋ ಕೋರ್ಸ್ ಉದುರಿಹೋಗುತ್ತವೆ. ಬೇರೆ ಕಾಲೇಜಿನಲ್ಲಿ ಮಾಡಿದ ಬೇಸಿಗೆ ಕೋರ್ಸಿನ ಟ್ರಾನ್ಸ್‌ಕ್ರಿಪ್ಟನ್ನು ಪ್ರಮಾಣೀಕರಣಕ್ಕೆ ಮೊದಲೇ ನಿಮ್ಮ ಕಾಲೇಜಿಗೂ ತರಿಸಿ.

ಎಫ್-1ರವರು ಹಳೆಯ ಕಾಲೇಜಿನಿಂದ ಸೆವಿಸ್ ದಾಖಲೆಯನ್ನು (ಸರ್ಕಾರದಲ್ಲಿರುವ ವಿದ್ಯಾರ್ಥಿ ವೀಸಾದ ಕಡತ) ಹೊಸ ಕ್ಯಾಂಪಸ್ಸಿಗೆ ವರ್ಗಾಯಿಸಿಕೊಂಡು, ವೀಸಾಕ್ಕೆ ಬೇಕಾದ ಹೊಸ ಐ-20 ಪತ್ರ ಪಡೆಯಬೇಕು. ವರ್ಗಾವಣೆಯ ದಿನಾಂಕ ದಾಟಿದರೆ ಹಳೆಯ ಕ್ಯಾಂಪಸ್ಸಿನ ಕೆಲಸವೂ ಅಂದೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಕಾಲೇಜು ಫಾರ್ಮಿನಲ್ಲಿ ದುಡಿಯುವ ಯೋಚನೆ ಇದ್ದರೆ ದಿನಾಂಕವನ್ನು ಯೋಚಿಸಿ ಗೊತ್ತುಮಾಡಿ.

## ಹಂತ 9: ಯೂನಿವರ್ಸಿಟಿಯ ಮೊದಲ ಸೆಮಿಸ್ಟರ್

ಓರಿಯೆಂಟೇಷನ್‌ಗೆ ಹೋಗುವಾಗ ಅಸಿಸ್ಟ್ ಪಿಡಿಎಫ್, ಟ್ರಾನ್ಸ್‌ಕ್ರಿಪ್ಟ್, ಕೋರ್ಸ್ ಸಿಲಬಸ್‌ಗಳು ಜೊತೆಗಿರಲಿ. ಯೂನಿವರ್ಸಿಟಿ ಕೊಡುವ ಟ್ರಾನ್ಸ್‌ಫರ್ ಕ್ರೆಡಿಟ್ ವರದಿಯನ್ನು ಪಿಡಿಎಫ್ ಜೊತೆ ಸಾಲು ಸಾಲಾಗಿ ತಾಳೆ ನೋಡಿ. ‘ಎಲೆಕ್ಟಿವ್’ ಎಂದು ಬಿದ್ದಿರುವ ಕೃಷಿ ಕೋರ್ಸ್ ಕಂಡರೆ ಅದೇ ಎಚ್ಚರಿಕೆಯ ಗಂಟೆ. ಯೂನಿಟ್ ಒಪ್ಪಿದ್ದಾರೆ, ಮೇಜರ್‌ಗೆ ಸೇರಿಸಿಲ್ಲ ಎಂದರ್ಥ. ಸಿಲಬಸ್ ಹಿಡಿದು ವಿಭಾಗದ ಅಡ್ವೈಸರನ್ನು ಕಾಣಿ. ಬದಲಿ ಕೋರ್ಸ್ ಅರ್ಜಿ ಮೊದಲ ಸೆಮಿಸ್ಟರಿನಲ್ಲಿ ಸುಲಭ, ಕೊನೆಯ ಸೆಮಿಸ್ಟರಿನಲ್ಲಿ ತಲೆನೋವು.

ಅದೇ ಸೆಮಿಸ್ಟರಿನಲ್ಲಿ ಕ್ರೆಡೆನ್ಷಿಯಲ್ ಕಡತವನ್ನೂ ತೆರೆಯಿರಿ. ಲೈವ್ ಸ್ಕ್ಯಾನ್ ಬೆರಳಚ್ಚು ಕೊಟ್ಟು ಸರ್ಟಿಫಿಕೇಟ್ ಆಫ್ ಕ್ಲಿಯರೆನ್ಸ್ (ಹಿನ್ನೆಲೆ ಪರಿಶೀಲನೆಯ ಪತ್ರ) ಪಡೆಯಿರಿ, ಕ್ಷಯ ರೋಗದ ತಪಾಸಣೆ ಮಾಡಿಸಿ. ಇವೆರಡೂ ಇಲ್ಲದೆ ಹೈಸ್ಕೂಲ್ ತರಗತಿಯೊಳಗೆ ಕಾಲಿಡಲು ಬಿಡುವುದಿಲ್ಲ. ಕ್ರೆಡೆನ್ಷಿಯಲ್ ಪ್ರವೇಶಕ್ಕೆ ಮುಂಚೆ ತರಗತಿ ವೀಕ್ಷಣೆಯ ಗಂಟೆಗಳನ್ನು ಕೇಳುತ್ತಾರೆ, ಸಿಎಸ್‌ಯುಗಳಲ್ಲಿ ಸಾಮಾನ್ಯವಾಗಿ 45. ಇದು 3,000ದ ಒಳಗಲ್ಲ, ಬೇರೆಯೇ.

ಕೃಷಿ ವಿಷಯದ ಜ್ಞಾನವನ್ನು ಸಾಬೀತು ಮಾಡಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ: ಸಿಸೆಟ್ ಎಂಬ ಶಿಕ್ಷಕರ ವಿಷಯ ಪರೀಕ್ಷೆ, ಕ್ರೆಡೆನ್ಷಿಯಲಿಂಗ್ ಆಯೋಗ ಒಪ್ಪಿದ ವಿಷಯ ತಯಾರಿ ಕಾರ್ಯಕ್ರಮ, ಅಥವಾ ಓದಿದ ಕೋರ್ಸುಗಳ ಪರಿಶೀಲನೆ. ಕೊನೆಯದರಲ್ಲಿ ಕಮ್ಯುನಿಟಿ ಕಾಲೇಜಿನ ಕೋರ್ಸುಗಳೂ ಲೆಕ್ಕಕ್ಕೆ ಬರುತ್ತವೆ, ಆದ್ದರಿಂದ ಹಳೆಯ ಸಿಲಬಸ್‌ಗಳನ್ನು ಎಸೆಯಬೇಡಿ. ಮೂರು ವರ್ಷದ ಹಿಂದಿನ ಕೃಷಿ ಯಂತ್ರ ಶಾಸ್ತ್ರದ ಸಿಲಬಸ್ಸಿನಲ್ಲಿ ಆರ್ಕ್ ವೆಲ್ಡಿಂಗ್ ಮತ್ತು ಸಣ್ಣ ಎಂಜಿನ್ ಎಂಬ ಎರಡು ಸಾಲು ಇದೆಯೋ ಇಲ್ಲವೋ ಎಂಬುದರ ಮೇಲೆ ಒಂದು ಕೋರ್ಸ್ ಮತ್ತೆ ಓದಬೇಕೋ ಬೇಡವೋ ಎಂಬುದು ನಿಂತಿರಬಹುದು.